ಮಿರಜಿನ ಗಿಡಕ್ಕೆ ಕಾಕಾನ ಕತ್ತರಿ

ನನ್ನ ಕಾಕಾನ ಕಿಸೆಯಲ್ಲಿ ಪೆನ್ನು ಇರುತ್ತಿರಲಿಲ್ಲ, ಕತ್ತರಿ ಇರುತ್ತಿತ್ತು. ಕೆಂಪು ಹಿಡಿಕೆಯ, ಸ್ಪ್ರಿಂಗ್ ಇದ್ದ, ದ್ರಾಕ್ಷಿ ಚಾಟಣಿಯ ಕತ್ತರಿ. ಚಾಟಣಿ ಎಂದರೆ ಬಳ್ಳಿಯ ಕಡ್ಡಿಯಲ್ಲಿ ಚಿಗುರೊಡೆಯುವ ಕಣ್ಣುಗಳನ್ನು ಇಷ್ಟೇ ಎಂದು ಎಣಿಸಿ ಉಳಿಸಿ, ಮೇಲಿನದನ್ನು ಕತ್ತರಿಸಿ ಹಾಕುವುದು. ಅಥಣಿ ಹತ್ತಿರದ ನಮ್ಮ ಅನಂತಪುರದ ಕಡೆ ವರ್ಷಕ್ಕೆ ಎರಡು ಸಲ ಮಾಡುತ್ತಾರೆ. ಬೇಸಿಗೆಯದು ಬಳ್ಳಿಗಾಗಿ, ದಸರೆಯ ಹೊತ್ತಿನದು ಹಣ್ಣಿಗಾಗಿ. ಉಳಿದ ರೈತರು ಕೆಲಸ ಮುಗಿದ ಮೇಲೆ ಕತ್ತರಿಗೆ ಎಣ್ಣೆ ಹಚ್ಚಿ ಗೋಡೆಯ ಮಾಡದಲ್ಲಿ ಇಡುತ್ತಾರೆ. ಕಾಕಾ ಇಡುತ್ತಿರಲಿಲ್ಲ. ಅವನ ಕಣ್ಣಿಗೆ ಜಗತ್ತಿನಲ್ಲಿ ಎಲ್ಲವೂ ಸ್ವಲ್ಪ ಹೆಚ್ಚಿಗೆ ಬೆಳೆದಿತ್ತು.

ಹಿತ್ತಲಿನ ಮಲ್ಲಿಗೆಯನ್ನು ಅವನು ಆರು ಕಣ್ಣಿಗೆ ಕಡಿದಿದ್ದ. ಕರಿಬೇವನ್ನು ಮೊಣಕಾಲಿನ ಎತ್ತರಕ್ಕೆ ತಂದಿದ್ದ. ಪಕ್ಕದ ಮನೆಯ ಪೇರಲದ ಟೊಂಗೆ ನಮ್ಮ ಗೋಡೆ ದಾಟಿ ಬಂತೆಂದು, ಅದರ ಹಣ್ಣಿನ ಸಮೇತ ಕತ್ತರಿಸಿ, ಆ ಹಣ್ಣನ್ನು ಪ್ರಾಮಾಣಿಕವಾಗಿ ಒಯ್ದು ಪಕ್ಕದ ಮನೆಯವರಿಗೇ ಕೊಟ್ಟು ಬಂದಿದ್ದ. ಒಂದು ಮದುವೆಯಲ್ಲಿ ಮದುಮಗನ ಹಾರದ ಕುಚ್ಚು ಉದ್ದವಾಗಿದೆ ಎಂದು ಆಹೇರಿಯ ಉಡುಗೊರೆ ಕೊಡುವಾಗಲೇ ನಾಲ್ಕು ಬೆರಳು ಕಡಿಮೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದೆ. ಎಂ.ಎಸ್ಸಿ.ಗೆ ಆ ವರ್ಷ ಸೀಟು ಸಿಗಲಿಲ್ಲ. ಅಪ್ಪ ರಾಯಬಾಗದಲ್ಲಿ ಮಾಸ್ತರ. ಅವನ ತಾಯಿ, ನಮ್ಮ ಆಯಿ, ಅನಂತಪುರದಲ್ಲಿ ಕಾಕಾ-ಕಾಕು ಜೊತೆ ಇದ್ದಳು. ಅವಳ ಮೊಣಕಾಲು ನೋವು ಹೆಚ್ಚಾಗಿತ್ತು. ಒಂದು ವರ್ಷ ಅಲ್ಲೇ ಇದ್ದು ಆಯಿಯನ್ನು ನೋಡಿಕೋ ಎಂದು ಅಪ್ಪ ನನ್ನನ್ನು ಬಸ್ಸು ಹತ್ತಿಸಿದ. ಕಾಕಾನ ಮಕ್ಕಳಿಬ್ಬರೂ ಚಿಕ್ಕೋಡಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದರು. ಮನೆಯಲ್ಲಿ ನಾವು ನಾಲ್ಕೇ ಜನ. ನಾನು ಹೆಚ್ಚು ಮಾತಾಡುವವಳಲ್ಲ. ಉಳಿದ ಮೂವರು ನನ್ನ ಪಾಲಿನದನ್ನೂ ಆಡುತ್ತಿದ್ದುದರಿಂದ ಯಾರಿಗೂ ತೊಂದರೆ ಆಗಲಿಲ್ಲ.

ಹೋದ ಮರುದಿನವೇ ಕಾಕು ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಬಚ್ಚಲ ನೀರು ಹೋಗುವ ಕಾಲುವೆಯ ಪಕ್ಕ, ಸೊಂಟದೆತ್ತರದ ಒಂದು ಗಿಡ.

"ನೋಡ ಯವ್ವಾ, ಏಳ ವರ್ಷ ಆತು, ಒಂದ ಹೂ ಬಿಟ್ಟಿಲ್ಲ. ನೀ ಗಿಡದ್ದ ಓದೀದಿ. ಇದ್ಯಾವ ಗಿಡ, ಯಾಕ ಹೂ ಬಿಡವೊಲ್ದು, ಹೇಳು."

ನಾನು ನೋಡಿದೆ. ಎಲೆ ಒಂದಾದ ಮೇಲೊಂದು, ಎದುರುಬದುರಲ್ಲ. ಮೇಲೆ ಹೊಳಪಿನ ಕಡು ಹಸಿರು, ಕೆಳಗೆ ತಿಳಿ. ಕೆಲವು ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದವು. ಮುರಿದರೆ ಹಾಲಿಲ್ಲ. ಮುಳ್ಳಿಲ್ಲ. ಎಲೆ ಉಜ್ಜಿ ಮೂಸಿದೆ. ಹೇಳಿಕೊಳ್ಳುವ ವಾಸನೆಯೂ ಇಲ್ಲ. ಕೋಣೆಯಿಂದ ಫುಟ್‌ಪಟ್ಟಿ ತಂದು ಹತ್ತು ಎಲೆಗಳ ಉದ್ದ, ಅಗಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ ಆಯಿ ಇದನ್ನೆಲ್ಲ ನೋಡುತ್ತಿದ್ದಳು. "ಎಲಿಗೆ ಅಂಗಿ ಹೊಲಸ್ತಿ ಏನಬೇ?" ಎಂದಳು.

"ಹೂವಿಲ್ದ ಗಿಡದ ಹೆಸರ ಹೇಳಾಕ ಬರಂಗಿಲ್ಲ, ಕಾಕು" ಎಂದೆ. ಅದು ಸತ್ಯ. ಧಾರವಾಡದಲ್ಲಿ ಮೂರು ವರ್ಷ ಹೇಳಿಕೊಟ್ಟದ್ದೇ ಅದನ್ನು.

ಅಷ್ಟರಲ್ಲಿ ತೋಟದಿಂದ ಬಂದ ಕಾಕಾ ನಕ್ಕ. "ಹೂ ಬಂದ ಮ್ಯಾಲ ನಮಗೂ ಗೊತ್ತಾಗತೈತಲ್ಲ ಮಗಳ! ಅದಕ್ಕ ಧಾರವಾಡಕ್ಕ ಯಾಕ ಹೋಗಬೇಕಿತ್ತು?" ಹೇಳುತ್ತಲೇ ಕಿಸೆಯಿಂದ ಕತ್ತರಿ ತೆಗೆದು ಗಿಡದ ಒಂದು ಎಳೆ ತುದಿಯನ್ನು ಚಕ್ಕನೆ ಕಡಿದ. "ಇದು ಗಂಡ ಗಿಡ. ಪಪ್ಪಾಯಿಯೊಳಗ ಇರತಾವಲ್ಲ, ಹಂಗ. ಹೂ ಬಿಡಂಗಿಲ್ಲ, ಕಾಯಿ ಬಿಡಂಗಿಲ್ಲ."

"ಖರೆ" ಎಂದಳು ಕಾಕು, "ಗಂಡಂದ್ರ ಹಂಗ. ಬರೇ ಜಾಗಾ ಹಿಡೀತಾವ."

ಗಂಡು ಪಪ್ಪಾಯಿಯೂ ಹೂ ಬಿಡುತ್ತದೆ ಎಂದು ನಾನು ತಿದ್ದಬಹುದಿತ್ತು. ಬಿಟ್ಟೆ.

ಗಿಡ ಬಂದ ಕಥೆಯನ್ನು ಆ ರಾತ್ರಿ ಊಟದಲ್ಲಿ ಇಬ್ಬರೂ ಒಟ್ಟಿಗೆ ಹೇಳಿದರು, ಒಬ್ಬರ ಮೇಲೊಬ್ಬರು. ಏಳು ವರ್ಷದ ಹಿಂದೆ ಕಾಕಾನಿಗೆ ಮಿರಜಿನ ಒಂದು ದವಾಖಾನೆಯಲ್ಲಿ ಅಪೆಂಡಿಕ್ಸ್ ಆಪರೇಶನ್ ಆಗಿತ್ತು. ಸೇರಿಸಿದ ದಿನ ಅವನ ಮಂಚ ಕಿಟಕಿಯ ಪಕ್ಕ ಇತ್ತಂತೆ. ಕಿಟಕಿಯ ಹೊರಗೆ ಒಂದು ಗಿಡದ ತುಂಬ ನೇರಳೆ ಹೂ. ಎಲೆ ಕಾಣದಷ್ಟು. ಮರುದಿನ ಆಪರೇಶನ್ ಆಗಿ, ಬೇರೆ ವಾರ್ಡಿಗೆ ಹಾಕಿದರು. ಮನೆಗೆ ಬಿಟ್ಟ ದಿನ, ಅವನು ನೋಡಿದ ಅದೇ ಗಿಡದಿಂದ ಒಂದು ಟೊಂಗೆ ಮುರಿದುಕೊಂಡು ಬಾ ಎಂದು ಕಾಕುವನ್ನು ಕಳಿಸಿದ. ಕಾಕು ಮುರಿದು ತಂದಳು. ಆದರೆ ಅವಳು ನೋಡಿದ್ದು ಗಿಡದ ತುಂಬ ಬಿಳಿ ಹೂ.

"ಬ್ಯಾರೆ ಗಿಡದ್ದ ಮುರದಾಳ" ಎಂದ ಕಾಕಾ. "ಕಿಡಕಿ ಮುಂದ ಒಂದ ಗಿಡ ಇತ್ತು, ಅದನ್ನ ಬಿಟ್ಟ ಹೋಗಿ ಎಲ್ಲೋ ಬಟ್ಟಲ ಹೂವಿನ ಗಿಡಾ ಮುರದಾಳ."

"ಅಲ್ಲಿ ಇದ್ದದ್ದ ಅದೊಂದ ಗಿಡ. ನಾ ಏನ ಕುಡ್ಡಿ ಇದ್ನೇನು? ನಿಮಗ ಸೂಜಿ ನಶಾ ಏರಿತ್ತು. ಡಾಕ್ಟರೂ ನೇರಳೆ ಕಂಡಿರಬೇಕ."

"ಸೂಜಿ ಮಾಡಿದ್ದ ಮರುದಿನಾ ಬೇ! ನಾ ನೋಡಿದ್ದ ಹಿಂದಿನ ದಿನಾ!"

"ಹಂಗಾರ ಅಂಜಿಕಿಗೆ ಕಂಡಿರಬೇಕ."

ಆಯಿ ನನ್ನ ಕಡೆ ಬಾಗಿ, "ಏಳ ವರ್ಷ. ದಿನಾ ರೊಟ್ಟಿ ಕೂಡ ಇದನ್ನೂ ಬಡಸ್ತಾರ" ಎಂದಳು.

ಕುಡ್ಡಿ ಎಂದರೆ ನಮ್ಮಲ್ಲಿ ಕಣ್ಣು ಕಾಣದವಳು. ಕಾಕುವಿನ ಕಣ್ಣು ಚೆನ್ನಾಗಿತ್ತು. ಕಾಕಾನದೂ. ಅದೇ ನನಗೆ ವಿಚಿತ್ರ ಎನಿಸಿತು.

ಆ ಗಿಡದ ಹೆಸರು ಹುಡುಕುವುದು ಊರಿನ ಕೆಲಸವಾಯಿತು. ಧಾರವಾಡಕ್ಕೆ ಹೋಗಿ ಬಂದವಳಿಗೂ ತಿಳಿಯದ ಗಿಡ ಎಂಬುದು ಹೇಗೋ ಹಬ್ಬಿತ್ತು. ಬಂದವರೆಲ್ಲ ಹೇಳಿದರು: ಕಾಫಿ, ಲವಂಗ, ಚಹಾ. ಒಬ್ಬಳು ಎಲೆ ಅಗಿದು ನೋಡಿ ಉಗುಳಿದಳು, ಅಭಿಪ್ರಾಯ ಹೇಳಲಿಲ್ಲ. ಪಕ್ಕದ ಮನೆಯ ಅಣ್ಣಾ ಮಾತ್ರ ಉಪಯೋಗವಾಗುವ ಮಾತು ಹೇಳಿದರು. ಅವರು ವಯಸ್ಸಾದ ಜೈನ ರೈತರು. ಪೇರಲ ಕಳೆದುಕೊಂಡವರು ಅವರೇ. "ನನ್ನ ಆಡು ಎಲ್ಲಾ ತಿಂತೈತಿ. ಹೋದ ವರ್ಷ ನನ್ನ ಪಾಸಬುಕ್ ತಿಂದೈತಿ. ಇದನ್ನ ಮಾತ್ರ ಮೂಸಿ ಬಿಟ್ಟ ಹೋತು."

ಹಾಲಿಲ್ಲ, ಆಡು ಮುಟ್ಟುವುದಿಲ್ಲ, ಎಲೆಯ ಜೋಡಣೆ ಹೀಗೆ. ನಾನು ನೋಟ್‌ಬುಕ್ಕಿನಲ್ಲಿ "ಬದನೆಯ ಕುಲ ಇರಬಹುದೇ?" ಎಂದು ಬರೆದು ಪ್ರಶ್ನೆಯ ಕೆಳಗೆ ಗೆರೆ ಎಳೆದೆ. ಆಯಿ ಕೇಳಿದಳೆಂದು ಹೇಳಿಬಿಟ್ಟೆ. ಅದು ತಪ್ಪಾಯಿತು. ಸಂಜೆಯ ಹೊತ್ತಿಗೆ ಕಾಕಾ ಓಣಿಯಲ್ಲೆಲ್ಲ, "ನಮ್ಮ ಮಗಳ ಮೂರ ವರ್ಷ ಓದಿ ಅದನ್ನ ಬದನಿಕಾಯಿ ಅಂದಾಳ" ಎಂದು ಹೇಳಿ ಬಂದಿದ್ದ.

ಪಂದ್ಯ ಕಟ್ಟಿದ್ದು ಆ ಸಂಜೆ. ಶುರು ಮಾಡಿದ್ದು ಕಾಕಾ. ಮನೆಯ ಹಿತ್ತಲಿಗೂ ದ್ರಾಕ್ಷಿಯ ಹಂದರ ಹಾಕಬೇಕು, ಜಾಗ ಸುಮ್ಮನೆ ಬಿದ್ದಿದೆ ಎಂಬುದು ಅವನ ಹಳೆಯ ಆಸೆ. ಕಾಕುವಿಗೆ ಆ ಹಿತ್ತಲು ಬಿಟ್ಟರೆ ಬೇರೆ ನೆಲವಿರಲಿಲ್ಲ. ತೋಟದ ಎಕರೆಗಳೆಲ್ಲ ದ್ರಾಕ್ಷಿ ಮತ್ತು ಕಬ್ಬು, ಅಲ್ಲಿ ನಡೆಯುವುದು ಕಾಕಾನ ಮಾತು; ಈ ನಾಲ್ಕು ಗೋಡೆಯ ನಡುವೆ ಮಾತ್ರ ಅವಳ ಮಲ್ಲಿಗೆ, ಅಬ್ಬಲಿಗೆ, ಕರಿಬೇವು, ಪುಂಡಿಪಲ್ಯೆ. ಅದರಲ್ಲೂ ಅರ್ಧ ಅವನ ಕತ್ತರಿಯ ಬಾಯಿಗೆ ಹೋಗುತ್ತಿತ್ತು.

"ಬರೋ ಬ್ಯಾಸಗಿ ಒಳಗ ಹೂ ಬರಬೇಕ" ಎಂದ ಕಾಕಾ. "ಬಂದದ್ದ ನೇರಳೆ ಇದ್ರ, ಹಿತ್ತಲ ನಂದು. ಹಂದರಾ ಹಾಕಾಂವನ. ಬರಲಿಲ್ಲಂದ್ರೂ ನಂದ."

"ಬಿಳೀ ಬಂದ್ರ?" ಎಂದಳು ಕಾಕು.

"ಬರಂಗಿಲ್ಲ."

"ಬಂದ್ರ, ನಿಮ್ಮ ಕತ್ತರಿ ಈ ಕಂಪೌಂಡಿನೊಳಗ ಬರಬಾರದು. ಸಾಯೋತನಕ. ಒಂದ ಎಲಿ ಮುಟ್ಟಬಾರದು."

ಕಾಕಾ ಕಿಸೆಯ ಮೇಲೆ ಕೈ ಇಟ್ಟುಕೊಂಡ. ಅಣ್ಣಾ ಸಾಕ್ಷಿ ಆದರು. ಆಯಿ ಸಾಕ್ಷಿ ಆಗಲು ಒಪ್ಪಲಿಲ್ಲ, "ನಾ ಬರೇ ನೋಡಾಕಿ" ಎಂದಳು. ತೀರ್ಪು ಕೊಡುವವಳು ಯಾರು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಬದನೆಕಾಯಿಯ ಅವಮಾನದ ನಂತರ ನಾನು ಬೇಡ ಎನ್ನಬೇಕಿತ್ತು. "ಆಗಲಿ" ಎಂದೆ. ಹೂವಿನ ಬಣ್ಣ ಬರೆದುಕೊಳ್ಳುವುದರಲ್ಲಿ ತಪ್ಪಾಗುವುದು ಏನಿದೆ ಎಂದು ನನ್ನ ಎಣಿಕೆ.

ಶ್ರಾವಣ ಮುಗಿದ ಮೇಲೆ ಆಯಿಯ ಮೊಣಕಾಲನ್ನು ತೋರಿಸಲು ಅವಳನ್ನು ಕರೆದುಕೊಂಡು ಮಿರಜಿನ ಅದೇ ದವಾಖಾನೆಗೆ ಹೋದೆ. ಅಥಣಿ, ಕಾಗವಾಡ, ಮಿರಜ. ಬಸ್ಸಿನಲ್ಲಿ ಆಯಿ ಪಕ್ಕದ ಹೆಂಗಸಿಗೆ ಇಡೀ ಪಂದ್ಯದ ಕಥೆ ಹೇಳಿದಳು, ಆ ಹೆಂಗಸು ಕಾಗವಾಡದಲ್ಲಿ ಇಳಿಯುವಾಗ "ಬಿಳೀನ ಆಗಲಿ" ಎಂದು ಹರಸಿ ಇಳಿದಳು. ಡಾಕ್ಟರು ಮೊಣಕಾಲು ಬಡಿದು ನೋಡಿ ಗುಳಿಗೆ ಕೊಟ್ಟರು. ಆಮೇಲೆ ಇಬ್ಬರೂ ಕಾಕಾ ಮೊದಲ ದಿನ ಮಲಗಿದ್ದ ವಾರ್ಡಿನ ಹಿಂದೆ ಹೋದೆವು.

ಗಿಡ ಅಲ್ಲೇ ಇತ್ತು. ನನ್ನ ತಲೆಗಿಂತ ಎತ್ತರ. ಹೂ ಇರಲಿಲ್ಲ. ಫುಟ್‌ಪಟ್ಟಿ ತೆಗೆದು ಹತ್ತು ಎಲೆ ಅಳೆದೆ. ನೋಟ್‌ಬುಕ್ಕಿನ ಲೆಕ್ಕಕ್ಕೆ ಸರಿಹೊಂದಿತು. ಕಾಕು ಬೇರೆ ಗಿಡ ಮುರಿದಿರಲಿಲ್ಲ. ಅಂದರೆ ಕಾಕಾ ಸೋತ ಎಂದುಕೊಳ್ಳುವಷ್ಟರಲ್ಲಿ ಪೈಪು ಹಿಡಿದ ಮಾಲಿ ಬಂದ. ಮುದುಕ. ಮರಾಠಿಯಲ್ಲಿ ಗದರಿದ; ಆಯಿ ಮರಾಠಿಯಲ್ಲೇ ತಿರುಗಿ ಗದರಿದಳು; ಇಬ್ಬರಿಗೂ ಸಮಾಧಾನವಾಗಿ ಕನ್ನಡಕ್ಕೆ ಬಂದರು.

"ಇದು ಯಾವಾಗ ಹೂ ಬಿಡತೈತ್ರಿ?" ಎಂದು ಕೇಳಿದೆ.

"ಥಂಡಿ ಹೋದ ಮ್ಯಾಲ. ಒಮ್ಮೆಲೆ ಬಿಡತೈತಿ, ಗಿಡ ತುಂಬ."

"ನಮ್ಮ ಮನ್ಯಾಗಿಂದು ಏಳ ವರ್ಷ ಆತು, ಬಿಟ್ಟಿಲ್ಲ."

"ಕತ್ತರಿ ಹಚ್ಚತೀರೇನ?"

"ದಸರಿ ಮುಂದ ನಮ್ಮ ಕಾಕಾ ಹಚ್ಚತಾನ್ರಿ. ದ್ರಾಕ್ಷಿ ಜೋಡಿ."

ಮುದುಕ ಪೈಪು ಕೆಳಗೆ ಬಿಟ್ಟು ಹಣೆಗೆ ಕೈ ಹಚ್ಚಿಕೊಂಡ. "ಅರೇ ದೇವಾ. ಮಳಿಗಾಲದಾಗ ಬೆಳದ ಕಡ್ಡಿ ತುದಿಗೇ ಹೂ ಬರೋದು. ಅದನ್ನ ದಸರಿಗೆ ಕಡದ್ರ ಬ್ಯಾಸಗಿಗೆ ಏನ ಬರತೈತಿ, ನಿಮ್ಮ ಕಾಕಾ ಬರತಾನ? ಹೂ ಆದ ಮ್ಯಾಲ ಹಚ್ಚಬೇಕ ಕತ್ತರಿ."

ಏಳು ದಸರೆಗಳಲ್ಲಿ ಕಾಕಾ ಬಹಳ ಶ್ರದ್ಧೆಯಿಂದ, ಕಣ್ಣು ಎಣಿಸಿ, ಮುಂದಿನ ವರ್ಷದ ಹೂವನ್ನೆಲ್ಲ ಕಡಿದು ತಿಪ್ಪೆಗೆ ಹಾಕಿದ್ದ. ನಾನು ಅದನ್ನು ಬರೆದುಕೊಂಡೆ. ಕೊನೆಗೆ ಕೇಳಿದೆ: "ಹೂವಿನ ಬಣ್ಣ ಯಾವದ್ರಿ?"

"ಯಾವ ದಿನದ್ದು?" ಎಂದ ಮಾಲಿ.

ಅರಳಿದ ದಿನ ನೇರಳೆ. ಮರುದಿನ ಬಣ್ಣ ಇಳಿದು ತಿಳಿ. ಮೂರನೆಯ ದಿನ ಹಾಲಿನಂಥ ಬಿಳಿ. ಒಮ್ಮೆಲೇ ಅರಳಿದರೆ ಒಮ್ಮೆಲೇ ಬಿಳಿಯಾಗುತ್ತವೆ. ಮುದುಕ ಹೇಳುತ್ತಿದ್ದಂತೆ ಆಯಿಯ ಮುಖದಲ್ಲಿ ಒಂದು ನಗು ಹರಡಿತು. ಅಷ್ಟು ಸಂತೋಷವನ್ನು ಡಾಕ್ಟರು ಕೊಟ್ಟ ಗುಳಿಗೆಯಿಂದ ನಾನು ಮುಂದೆಂದೂ ಕಾಣಲಿಲ್ಲ.

"ಮನೀಗೆ ಹೋಗಿ ಹೇಳಿಬಿಡೋಣ ಆಯಿ" ಎಂದೆ ಬಸ್ ಸ್ಟ್ಯಾಂಡಿನಲ್ಲಿ. "ಪಂದ್ಯಕ್ಕ ಅರ್ಥಾನ ಇಲ್ಲ."

"ಬಾಯಿ ಮುಚ್ಚಗೊಂಡ ಇರು" ಎಂದಳು ಆಯಿ. "ಏಳ ವರ್ಷ ನನ್ನ ಕಿವಿ ತಿಂದಾರ. ಇನ್ನ ಐದ ತಿಂಗಳ ತಮಾಷಿ ನಾನೂ ನೋಡತೇನಿ. ನಿನ್ನ ಯಾರರ ಕೇಳ್ಯಾರೇನ?"

ಯಾರೂ ಕೇಳಿರಲಿಲ್ಲ. ಕೇಳದ್ದನ್ನು ಹೇಳುವ ರೂಢಿ ನನಗೂ ಇಲ್ಲ. ಧಾರವಾಡದ ಗೆಳತಿಯೊಬ್ಬಳಿಗೆ ಎಲೆ ಒಣಗಿಸಿ, ಮಾಲಿ ಹೇಳಿದ್ದನ್ನೆಲ್ಲ ಬರೆದು ಕಳಿಸಿದೆ. ಹದಿನೈದು ದಿನಕ್ಕೆ ಅವಳ ಕಾರ್ಡು ಬಂತು: ಬ್ರುನ್‌ಫೆಲ್ಸಿಯಾ, ದಕ್ಷಿಣ ಅಮೆರಿಕದ ಗಿಡ, ಬದನೆಯ ಕುಲ. ಆ ಕೊನೆಯ ಎರಡು ಶಬ್ದಗಳನ್ನು ನಾನು ಒಬ್ಬಳೇ ಕೂತು ಮೂರು ಸಲ ಓದಿದೆ. ಹೆಸರನ್ನು ಮಾತ್ರ ಊಟದ ಹೊತ್ತಿಗೆ ಹೇಳಿದೆ.

ಕಾಕಾ ಗಂಭೀರವಾಗಿ ಕೇಳಿಸಿಕೊಂಡ. "ಔಷಧದ ಹೆಸರ ಇದ್ದಂಗ ಐತಿ. ಹೊಡಿಯೋ ಪಂಪಿಗೆ ಎಷ್ಟ ಹಾಕೋದು?"

ಗಿಡಕ್ಕೆ ಬೇಕಾದುದನ್ನು ಮಾಡಿದೆ. ಬಚ್ಚಲ ನೀರಿನ ಸೋಪು ಅದಕ್ಕೆ ಆಗದು. ಕಾಲುವೆಯನ್ನು ಬಾಳೆಯ ಕಡೆ ತಿರುಗಿಸಿದೆ. ಕರಿ ನೆಲದ ಸುಣ್ಣಕ್ಕೆ ಎಲೆ ಹಳದಿಯಾಗಿತ್ತು. ಕಾಕಾ ಪಂದ್ಯ ಮರೆತು, ದ್ರಾಕ್ಷಿಗೆ ತಂದಿದ್ದ ಅನ್ನಭೇದಿ ಎಂಬ ಕಬ್ಬಿಣದ ಉಪ್ಪನ್ನು ತಾನೇ ನೀರಿನಲ್ಲಿ ಕಲಸಿ ಹಾಕಿದ. ಗಿಡ ಬೆಳೆಸುವುದರಲ್ಲಿ ಅವನಷ್ಟು ಬಲ್ಲವರು ಕಡಿಮೆ. ನಿಲ್ಲಿಸುವುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ದಸರೆ ಬಂತು. ತೋಟದಲ್ಲಿ ಚಾಟಣಿ ಶುರುವಾಯಿತು. ನಾನು ಕಾಕಾನಿಗೆ ಮಾಲಿಯ ಮಾತಿನಲ್ಲಿ ಕತ್ತರಿಯ ಭಾಗವನ್ನಷ್ಟೇ ಹೇಳಿದೆ.

"ಅಂದ್ರ ಏಳ ವರ್ಷದ ಹೂ ನಾನ...?" ಎಂದು ನಿಲ್ಲಿಸಿದ. ಕಾಕು ರೊಟ್ಟಿ ಬಡಿಯುವುದನ್ನು ಬಿಟ್ಟು ಅವನನ್ನು ನೋಡಿದಳು. ಮತ್ತೆ ಬಡಿಯತೊಡಗಿದಳು. ಬೈದಿದ್ದರೆ ಕಾಕಾನಿಗೆ ಹಗುರ ಎನಿಸುತ್ತಿತ್ತು.

ಆ ತಿಂಗಳು ಅವನಿಗೆ ಕಷ್ಟದ್ದಾಯಿತು. ಗಿಡ ತುದಿ ತುದಿಗೆ ಚಿಗುರಿ ಮನಸ್ಸಿಗೆ ಬಂದಂತೆ ಹಬ್ಬಿತ್ತು. ಕಾಕಾ ಸಂಜೆ ತೋಟದಿಂದ ಬಂದು ಅದರ ಸುತ್ತ ಒಂದು ಸುತ್ತು ಬರುತ್ತಿದ್ದ. ಕೈ ಕಿಸೆಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. "ಹಿಪ್ಪಿ ಆಗೇತಿ ನೋಡ" ಎಂದು ನನಗೆ ತೋರಿಸುತ್ತಿದ್ದ. ಒಂದು ದಿನ ತಡೆಯಲಾಗದೆ ಹೋಗಿ ಅಂಗಳದ ಕಸಬರಿಗೆಯ ತುದಿಯನ್ನು ಒಂದು ಸಮ ಮಾಡಿದ. ಇನ್ನೊಂದು ದಿನ ಆಯಿಯ ತುಳಸಿಯನ್ನು ಆರು ಕಣ್ಣಿಗೆ ತಂದ. ಆಯಿ ನೋವಿನ ಮೊಣಕಾಲಿನಲ್ಲೇ ಕೋಲು ಹಿಡಿದು ಅವನನ್ನು ಬಾಗಿಲವರೆಗೆ ಅಟ್ಟಿಸಿಕೊಂಡು ಹೋದಳು. ಮಿರಜಿನ ಡಾಕ್ಟರು ನೋಡಬೇಕಿತ್ತು.

ಥಂಡಿ ಹೋಯಿತು. ಶಿವರಾತ್ರಿ ಮುಗಿದ ವಾರ ತುದಿಗಳಲ್ಲಿ ಮೊಗ್ಗು ಕಂಡವು. ನಾನು ಎಣಿಸಲು ಹೋಗಿ ನಲವತ್ತಕ್ಕೆ ಬಿಟ್ಟೆ. ಕಾಕು ದಿನಕ್ಕೆ ಮೂರು ಸಲ ಬಂದು ಮೊಗ್ಗಿನ ಹತ್ತಿರ ಬಗ್ಗಿ, "ಬಿಳೀ, ಬಿಳೀ" ಎಂದು ಸಣ್ಣ ದನಿಯಲ್ಲಿ ಹೇಳಿ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಕಾಕಾನ ಕೂಗಿಗೆ ನಾವೆಲ್ಲ ಎದ್ದೆವು. ಗಿಡದ ತುಂಬ ಹೂ. ನೇರಳೆ. ಅನುಮಾನಕ್ಕೆ ಜಾಗವೇ ಇಲ್ಲದ ನೇರಳೆ. ಕಾಕಾ ಲುಂಗಿಯಲ್ಲೇ ಕುಣಿಯುತ್ತಿದ್ದ. "ಅಂಜಿಕಿಗೆ ಕಂಡಿತ್ತಾ? ಸೂಜಿ ನಶಾನಾ? ಹೇಳ ಈಗ!"

ಕಾಕು ಹೂವನ್ನು ನೋಡಿದಳು. ಬಳಿಕ ಹಿತ್ತಲನ್ನೊಮ್ಮೆ ನೋಡಿದಳು, ಮಲ್ಲಿಗೆಯಿಂದ ಪುಂಡಿಪಲ್ಯೆಯವರೆಗೆ, ಮನೆ ಬಿಟ್ಟು ಹೊರಟವರು ನೋಡುವ ಹಾಗೆ. ಒಳಗೆ ಹೋಗಿ ಚಹಾ ಮಾಡಿದಳು. ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ.

ನನಗೆ ಬಾಯಿ ಬಿಡಬೇಕೆನಿಸಿತು. ಆಯಿ ಕಟ್ಟೆಯಿಂದಲೇ ಕಣ್ಣು ತೋರಿಸಿದಳು. ತೀರ್ಪುಗಾರಳ ಅಧಿಕಾರದಲ್ಲಿ ನಾನು ಇಷ್ಟೇ ಹೇಳಿದೆ: "ಮೂರ ದಿನಾ ನೋಡಿ ಹೇಳತೇನಿ. ಶಾಸ್ತ್ರ ಇರೋದ ಹಂಗ."

"ಎಷ್ಟರ ನೋಡ ಮಗಳ. ಬಣ್ಣ ಓಡಿ ಹೋಗತೈತೇನ?" ಎಂದ ಕಾಕಾ. ಆಗಲೇ ಆಳನ್ನು ಕಳಿಸಿ ತೋಟದಿಂದ ಹಂದರದ ಕಲ್ಲು ಕಂಬ ನಾಲ್ಕು ತರಿಸಿದ. ಮಧ್ಯಾಹ್ನದೊಳಗೆ ಕರಿಬೇವಿನ ಪಕ್ಕ ಎರಡು, ಅಬ್ಬಲಿಗೆಯ ಸಾಲಿನಲ್ಲಿ ಎರಡು ತಗ್ಗು ತೋಡಿದ.

ಮರುದಿನ ಹೂ ತಿಳಿಯಾಗಿದ್ದವು. ಕಾಕಾ ಹತ್ತಿರ ಹೋಗಿ, ದೂರ ಬಂದು, ಕಣ್ಣುಜ್ಜಿ ನೋಡಿದ. "ಬಿಸಲಿಗೆ ಬಣ್ಣ ಬಿಟ್ಟೈತಿ" ಎಂದು ನಾಲ್ಕು ಕೋಲು ನೆಟ್ಟು ಗೋಣಿಚೀಲ ಕಟ್ಟಿ ನೆರಳು ಮಾಡಿದ. ನೆರಳಿನಲ್ಲಿ ಹೂ ಇನ್ನಷ್ಟು ಬೆಳ್ಳಗೆ ಕಂಡವು. ಚೀಲ ಬಿಚ್ಚಿದ.

"ನೀ ಏನರ ಹಾಕಿ ತೊಳದಿ ಏನ?" ಎಂದು ಕಾಕುವನ್ನು ಕೇಳಿದ.

"ಹೌದ್ರಿ, ನೀಲಿ ಹಾಕಿ ಜಾಲಿಸೇನಿ, ಇನ್ನ ಇಸ್ತ್ರಿ ಬಾಕಿ ಐತಿ" ಎಂದಳು ಕಾಕು. ಎರಡು ದಿನದಲ್ಲಿ ಅವಳ ಮೊದಲ ಮಾತು. ಆ ದಿನದ ಚಹಾದಲ್ಲಿ ಸಕ್ಕರೆ ಇತ್ತು.

ಮೂರನೆಯ ದಿನ ಗಿಡ ಬೆಳ್ಳಗಾಗಿ ನಿಂತಿತ್ತು. ಸಂಜೆ ಅಣ್ಣಾ ಬಂದರು. ಹೊತ್ತು ಮುಳುಗುವ ಮೊದಲೇ ಅವರ ಊಟವಾಗಬೇಕು. ಕಟ್ಟೆಯ ತುದಿಯಲ್ಲಿ ಕೂತು, "ಲಗೂ ಮುಗಸ್ರಿ, ನನ್ನ ರೊಟ್ಟಿ ಆರತಾವ" ಎಂದರು.

ನಾನು ನೋಟ್‌ಬುಕ್ ತೆರೆದು ಓದಿದೆ: ಮೊದಲ ದಿನ ನೇರಳೆ, ಎರಡನೆಯ ದಿನ ತಿಳಿ ನೇರಳೆ, ಮೂರನೆಯ ದಿನ ಬಿಳಿ. ಗಿಡ ಒಂದೇ, ಹೂವೂ ಅವೇ. ಅದರ ಗುಣವೇ ಹಾಗೆ. ಮಿರಜಿನಲ್ಲಿ ಕಾಕಾ ನೋಡಿದ್ದೂ ನಿಜ, ಕಾಕು ನೋಡಿದ್ದೂ ನಿಜ.

ಏಳು ವರ್ಷ ಇಬ್ಬರೂ ಸರಿ ಇದ್ದರು ಎಂಬುದು ಇಬ್ಬರಿಗೂ ಇಷ್ಟವಾಗಲಿಲ್ಲ.

ಮೊದಲು ಚೇತರಿಸಿಕೊಂಡವನು ಕಾಕಾ. "ಹಂಗಾರ ಅರಳಿದ್ದ ಬಣ್ಣಾನ ಖರೇ ಬಣ್ಣ. ಹುಟ್ಟಿದ್ದು ನೇರಳೆ. ಆಮ್ಯಾಲಿಂದು ಬರೇ ಬಾಡಿದ್ದು. ಹಿತ್ತಲ ನಂದು."

"ಬಾಡಿದ್ದಂದ್ರ ಹಿಂಗ ಇರತೈತೇನ್ರಿ? ಮೂಸಿ ನೋಡ್ರಿ" ಎಂದಳು ಕಾಕು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಅಣ್ಣಾನ ಕಡೆ ತಿರುಗಿದಳು. "ಅಣ್ಣಾರ, ನಮ್ಮ ತ್ವಾಟದಾಗ ಕರಿ ದ್ರಾಕ್ಷಿ ಎಂಟ ಸಾಲ ಅದಾವ. ಕಾಯಿ ಕಟ್ಟಿದಾಗ ಯಾವ ಬಣ್ಣ?"

"ಹಸರ" ಎಂದರು ಅಣ್ಣಾ.

"ಸಂಕ್ರಾಂತಿ ಮುಂದ ಸಾಂಗ್ಲಿ ವ್ಯಾಪಾರಿ ಬಂದಿದ್ದ. ಹಸರ ಐತಿ ಅಂತ ಹಸರಿನ ರೇಟ್ ಕೇಳಿದ. ಆವಾಗ ಇವರು ಏನಂದ್ರು? 'ಏ ಹುಚ್ಚಾ, ಪೂರ್ತಿ ಮಾಗಿದ ಮ್ಯಾಲ ಬಂದ ಬಣ್ಣಾ ನೋಡು, ಅದ ಖರೇ ಬಣ್ಣ' ಅಂದ್ರು. ಓಣಿ ಮಂದಿ ಎಲ್ಲಾ ಕೇಳ್ಯಾರ. ದ್ರಾಕ್ಷಿಗೊಂದ ನ್ಯಾಯ, ನನ್ನ ಹೂವಿಗೊಂದ ನ್ಯಾಯ ಏನ್ರಿ?"

ಕಾಕಾನ ಕೈ ಕಿಸೆಯ ಮೇಲೆ ಹೋಯಿತು. ದ್ರಾಕ್ಷಿಯ ವಿಷಯದಲ್ಲಿ ಅವನು ಎಂದೂ ಸುಳ್ಳು ಹೇಳಿದವನಲ್ಲ. ವ್ಯಾಪಾರಿಗೆ ಹೇಳಿದ್ದು ತಪ್ಪು ಎಂದರೆ ಎಂಟು ಸಾಲು ಕರಿ ದ್ರಾಕ್ಷಿ ಹಸಿರಿನ ರೇಟಿಗೆ ಹೋಗುತ್ತದೆ. ಸರಿ ಎಂದರೆ ಹಿತ್ತಲು ಹೋಗುತ್ತದೆ. ಅವನ ಮುಖದಲ್ಲಿ ಈ ಎರಡೂ ಸ್ವಲ್ಪ ಹೊತ್ತು ಓಡಾಡಿದವು.

"ಹೊತ್ತ ಮುಳಗತೈತಿ" ಎಂದರು ಅಣ್ಣಾ ಪಡುವಣ ನೋಡುತ್ತ. "ನನ್ನ ಪೇರಲಾ ಮನಸಿನ್ಯಾಗ ಇಟಗೊಂಡ ಹೇಳವೊಲ್ಲೆ. ಆದ್ರ ಆಕಿ ಹೇಳೋದು ಬರೋಬ್ಬರಿ ಐತಿ."

ನಾನು ನೋಟ್‌ಬುಕ್ಕಿನಲ್ಲಿ "ಬಿಳಿ" ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿದೆ. ಆಯಿ ಕಟ್ಟೆಯ ಮೇಲೆ ನಗುತ್ತ ನಗುತ್ತ ಕೆಮ್ಮಿ, ಅವಳಿಗೆ ನೀರು ಕೊಡಬೇಕಾಯಿತು.

ಕಾಕಾ ಮಾತಿಗೆ ತಪ್ಪಲಿಲ್ಲ. ಗೇಟಿನ ಹೊರಗಿನ ಕಂಬಕ್ಕೆ ಒಂದು ಮೊಳೆ ಹೊಡೆದ. ಮನೆಗೆ ಬರುವಾಗ ಕತ್ತರಿಯನ್ನು ಅಲ್ಲಿ ನೇತುಹಾಕಿ ಒಳಗೆ ಬರುತ್ತಿದ್ದ, ಗುಡಿಗೆ ಹೋಗುವವರು ಚಪ್ಪಲಿ ಬಿಟ್ಟ ಹಾಗೆ. ಕಂಬಗಳು ತೋಟಕ್ಕೆ ಮರಳಿದವು. ಕಾಕು ಆ ನಾಲ್ಕು ತಗ್ಗಿನಲ್ಲಿ ದಾಸವಾಳ ಹಚ್ಚಿದಳು. ತಗ್ಗು ಚೆನ್ನಾಗಿ ತೋಡಿದ್ದೀರಿ ಎಂದು ಹೊಗಳಿದಳು ಕೂಡ.

ಆದರೆ ನನ್ನ ಮನಸ್ಸು ನೆಟ್ಟಗಿರಲಿಲ್ಲ. ಮಾಲಿ ಹೇಳಿದ ಮಾತಿನಲ್ಲಿ ಒಂದು ಉಳಿದಿತ್ತು. ಹೂ ಮುಗಿದ ಮೇಲೆ ಕತ್ತರಿ ಹಚ್ಚಬೇಕು. ಆಗ ಹಚ್ಚದಿದ್ದರೆ ಗಿಡ ಉದ್ದುದ್ದ ಬೆಳೆದು ಮುಂದಿನ ವರ್ಷ ಹೂ ಕಡಿಮೆ. ಹತ್ತು ದಿನ ಸುಮ್ಮನಿದ್ದೆ. ಹನ್ನೊಂದನೆಯ ದಿನ ಕಾಕುವಿಗೆ ಹೇಳಿದೆ.

ಕಾಕು ಬಹಳ ಹೊತ್ತು ಯೋಚಿಸಿದಳು. ನಂತರ ಹೊಲಿಗೆ ಮಷಿನ್ನಿನ ಡ್ರಾದಿಂದ ಬಟ್ಟೆ ಕತ್ತರಿಸುವ ಕತ್ತರಿ ತಂದಳು. "ಅವರ ಕತ್ತರಿ ಬರಬಾರದಂತ ಮಾತಾಗೇತಿ. ನಂದಲ್ಲ."

ಗೇಟಿನ ಹೊರಗೆ ನಿಂತಿದ್ದ ಕಾಕಾನಿಗೆ ಅದು ಕಂಡಿತು. ಕತ್ತರಿ ಮೊಳೆಯ ಮೇಲಿತ್ತು. ಒಳಗೆ ಬಂದರೆ ಬರಿಗೈ. ಅವನು ಒಳಗೆ ಬರಲಿಲ್ಲ. ಒಂದು ದ್ರಾಕ್ಷಿ ಪೆಟ್ಟಿಗೆ ಎಳೆದು ಗೋಡೆಗೆ ಹಚ್ಚಿ ಅದರ ಮೇಲೆ ಹತ್ತಿ ನಿಂತ. ಗೋಡೆಯ ಮೇಲೆ ಅವನ ತಲೆ ಮಾತ್ರ ಕಾಣುತ್ತಿತ್ತು.

"ಏ, ಅದು ಜಂಪರ್ ಕತ್ತರಸೋದು! ಕಡ್ಡಿ ಸೀಳತೈತಿ!"

ಕಾಕು ಕೇಳಿಸದವಳಂತೆ ಒಂದು ಕಡ್ಡಿಯ ನಟ್ಟನಡುವೆ ಕತ್ತರಿ ಇಟ್ಟಳು.

"ಅಲ್ಲಲ್ಲೇ! ಕೆಳಗ! ಕಣ್ಣಿನ ಮ್ಯಾಲ ಕಾಲ ಇಂಚ ಬಿಟ್ಟ! ಓರೆ ಹಿಡಿ!"

ಕತ್ತರಿ ಕೆಳಗೆ ಬಂತು. ಓರೆಯಾಯಿತು. ಕಚ್ ಎಂದಿತು. ಗೋಡೆಯ ಮೇಲಿನ ತಲೆ ಉಸಿರು ಬಿಟ್ಟಿತು. ಕಾಕು ಮುಂದಿನ ಕಡ್ಡಿಗೆ ಹೋಗಿ ಮತ್ತೆ ನಟ್ಟನಡುವೆ ಇಟ್ಟಳು. ಮತ್ತೆ ಕೂಗು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ತಪ್ಪು ಇಡುತ್ತಿದ್ದಳು, ಕೂಗು ಬರುವವರೆಗೆ ಕಾಯುತ್ತಿದ್ದಳು, ಆಮೇಲೆ ಸರಿಯಾದ ಜಾಗಕ್ಕೆ ತಾನೇ, ಅವನು ತೋರಿಸುವ ಮೊದಲೇ, ಸರಿಸುತ್ತಿದ್ದಳು.

ಅರ್ಧ ಗಿಡ ಮುಗಿಯುವ ಹೊತ್ತಿಗೆ ಕಾಕಾನ ದನಿ ಬಿದ್ದುಹೋಯಿತು. ಅವನು ಗೋಡೆಯ ಮೇಲಿಂದ ಬರೀ ಕೈ ಮಾಡಿ, ಎರಡು ಬೆರಳು ಕತ್ತರಿಯಂತೆ ಆಡಿಸಿ ತೋರಿಸತೊಡಗಿದ.

ಕಾಕು ಆ ಕಡೆ ತಿರುಗಲೇ ಇಲ್ಲ. ಹೊಸ ಕಡ್ಡಿಯ ನಟ್ಟನಡುವೆ ಕತ್ತರಿ ಇಟ್ಟು ನಿಂತು, "ಜೋರಾಗಿ ಹೇಳ್ರಿ, ಕೇಳಸವೊಲ್ದು" ಎಂದಳು.